ಯಾವ ಬಾಧೆಗೆ ಯಾವ ಬೇರು?

ಹೆಸರನ್ನು ಪ್ರಕಟಿಸಬಾರದೆಂಬ ವಿಜ್ಞಾಪನೆಯೊಡನೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಸ್ತ್ರೀಯರು ಬರೆದವು. ಅವುಗಳಲ್ಲಿಯೂ ಹೆಚ್ಚಿನವು, ಬರೆದಾಕೆ ಹದಿನೆಂಟರ ವಿದ್ಯಾರ್ಥಿನಿಯಾಗಿರಲಿ ನಲವತ್ತೆಂಟರ ಗೃಹಿಣಿಯಾಗಿರಲಿ, ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ತಿಂಗಳ ಮುಟ್ಟಿನ ತೊಂದರೆಗೆ ಯಾವ ಗಿಡಮೂಲಿಕೆ ಒಳ್ಳೆಯದು? ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸಿ ನಿವೃತ್ತಳಾದವಳೇ ಹೊರತು ವೈದ್ಯಳಲ್ಲ; ಗಿಡದ ಕುಲಗೋತ್ರಗಳನ್ನು ಹೇಳಬಲ್ಲೆನಲ್ಲದೆ ನಾಡಿ ಹಿಡಿದು ನೋಡಲಾರೆ. ಆ ಸಂಕೋಚದಿಂದಲೇ ಇಂಥ ಪತ್ರಗಳನ್ನು ಇದುವರೆಗೆ ಬದಿಗಿರಿಸುತ್ತ ಬಂದಿದ್ದೆ. ಈಚೆಗಾದರೋ ಪ್ರಶ್ನೆಯ ಜೊತೆಯಲ್ಲಿ ಉತ್ತರವೂ ಬರತೊಡಗಿದೆ. ಮೊಬೈಲಿನಲ್ಲಿ ನೋಡಿ ಶತಾವರಿಯ ಪುಡಿ, ನೆನೆಸಿದ ಮೆಂತ್ಯ, ಲೋಳೆಸರದ ರಸ, ಅಶೋಕಾರಿಷ್ಟ ಇಷ್ಟನ್ನೂ ಏಕಕಾಲಕ್ಕೆ ಸೇವಿಸುತ್ತಿದ್ದೇನೆ, ಹಾರ್ಮೋನು ಸಮತೋಲನಕ್ಕೆ ಬರಲು ಇನ್ನೆಷ್ಟು ದಿನ ಬೇಕು ಎಂದು ಕೇಳುವವರಿಗೆ ಮೌನವನ್ನೇ ಉತ್ತರವಾಗಿ ಕೊಡುವುದು ಸೌಜನ್ಯವೆನಿಸಲಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪ್ರಶ್ನೆ ತಪ್ಪು ತುದಿಯಿಂದ ಆರಂಭವಾಗುತ್ತದೆ. ಗಿಡವನ್ನು ಆರಿಸುವುದಕ್ಕೆ ಮುನ್ನ ಬಾಧೆ ಯಾವುದೆಂಬುದನ್ನು ಆರಿಸಿಕೊಳ್ಳಬೇಕು. ಏಕೆಂದರೆ ನೋವು, ಅತಿಸ್ರಾವ, ಮುಟ್ಟು ನಿಂತುಹೋಗುವುದು, ಅಂತಃಸ್ರಾವಗಳ ಏರುಪೇರು ಇವು ನಾಲ್ಕೂ ಒಂದೇ ಹೆಸರಿನ ಚೀಲದಲ್ಲಿ ತುಂಬಿಸಿಡಲು ಬರುವಂಥವಲ್ಲ. ಇದೇನೂ ಪಶ್ಚಿಮದಿಂದ ಎರವಲು ತಂದ ವಿವೇಕವಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಸ್ತ್ರೀರೋಗಗಳನ್ನು ವಿವರಿಸುವ ಅಧ್ಯಾಯವು ಇಪ್ಪತ್ತು ಬಗೆಯ ಯೋನಿವ್ಯಾಪತ್ತುಗಳನ್ನು ಬೇರೆಬೇರೆಯಾಗಿ ಗುರುತಿಸುವುದಲ್ಲದೆ, ಆರೋಗ್ಯವಂತಳ ಋತುಸ್ರಾವ ಹೇಗಿರಬೇಕೆಂಬುದಕ್ಕೂ ಲಕ್ಷಣವನ್ನು ಕೊಡುತ್ತದೆ: ಅದು ತಿಂಗಳಿಗೊಮ್ಮೆ ಬರಬೇಕು, ಅಂಟು, ಉರಿ, ನೋವುಗಳಿರಬಾರದು, ಐದು ರಾತ್ರಿ ನಡೆಯಬೇಕು, ಅತಿ ಹೆಚ್ಚೂ ಅತಿ ಕಡಿಮೆಯೂ ಆಗಬಾರದು. ಇಂದಿನ ವೈದ್ಯರು ಇಪ್ಪತ್ತನಾಲ್ಕರಿಂದ ಮೂವತ್ತೆಂಟು ದಿನಗಳ ಅಂತರವನ್ನೂ ಎಂಟು ದಿನಗಳೊಳಗಿನ ಸ್ರಾವವನ್ನೂ ಸಹಜವೆಂದು ಎಣಿಸುತ್ತಾರೆ. ಮಾತು ಬೇರೆಯಾದರೂ ಕ್ರಮ ಅದೇ, ಮೊದಲು ಸಹಜವನ್ನು ನಿರ್ಣಯಿಸಿ ಅನಂತರ ವಿಕಾರವನ್ನು ಹೆಸರಿಸುವುದು. ಆಯುರ್ವೇದದ ಹೆಸರಿನಲ್ಲಿ ಮಾರುವ ಇಂದಿನ ಬಾಟಲಿಗಳು ‘ಎಲ್ಲ ಬಗೆಯ ಸ್ತ್ರೀರೋಗಗಳಿಗೂ’ ಎಂದು ಬರೆದುಕೊಂಡಾಗ, ಅವು ಆಯುರ್ವೇದದ ಈ ಮೊದಲ ಮೆಟ್ಟಿಲನ್ನೇ ದಾಟಿ ಹಾರಿರುತ್ತವೆ.

ನೋವಿನ ವಿಷಯದಲ್ಲಿ ನಾನು ಅಡುಗೆಮನೆಯ ಪಕ್ಷಪಾತಿ. ಎಳೆಯ ಹುಡುಗಿಯರನ್ನು ಮೊದಲ ಎರಡು ದಿನ ಹಾಸಿಗೆ ಹಿಡಿಸುವ ಕಿಬ್ಬೊಟ್ಟೆಯ ಸೆಳೆತಕ್ಕೆ ಮುಖ್ಯ ಕಾರಣ ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯಗಳು. ಗರ್ಭಾಶಯದ ಒಳಪದರ ಕಳಚುವ ಹೊತ್ತಿಗೆ ಇವು ಹೆಚ್ಚಾಗಿ ಉತ್ಪನ್ನವಾಗಿ ಅದರ ಮಾಂಸಖಂಡವನ್ನು ಹಿಂಡುತ್ತವೆ, ರಕ್ತಸಂಚಾರ ಕ್ಷಣಕಾಲ ಕುಗ್ಗುತ್ತದೆ, ನೋವು ಹುಟ್ಟುತ್ತದೆ. ಆಸ್ಪಿರಿನ್ನಿನಂತಹ ಔಷಧಿಗಳು ಈ ದ್ರವ್ಯಗಳ ಉತ್ಪತ್ತಿಯನ್ನು ತಡೆಯುತ್ತವೆಂಬುದನ್ನು ಜಾನ್ ವೇನ್ 1971ರಲ್ಲಿ ತೋರಿಸಿದರು, ಅದಕ್ಕಾಗಿ 1982ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ವೈದ್ಯರು ಇಂದು ಬರೆದುಕೊಡುವ ಮೆಫೆನಾಮಿಕ್ ಆಮ್ಲದ ಮಾತ್ರೆಯ ಗುಟ್ಟೂ ಅದೇ. ಶುಂಠಿಯ ಖಾರದ್ರವ್ಯಗಳಿಗೂ ಇದೇ ದಾರಿಯಲ್ಲಿ ಸ್ವಲ್ಪ ಕೈವಾಡವಿದೆ. ಸ್ರಾವದ ಮೊದಲ ಮೂರು ನಾಲ್ಕು ದಿನ ದಿನಕ್ಕೆ ಮುಕ್ಕಾಲು ಗ್ರಾಮಿನಿಂದ ಎರಡು ಗ್ರಾಮಿನವರೆಗೆ ಒಣಶುಂಠಿಯ ಪುಡಿಯನ್ನು ಕೊಟ್ಟು ನಡೆಸಿದ ಪರೀಕ್ಷೆಗಳಲ್ಲಿ ನೋವು ಇಳಿದದ್ದು ಕಂಡುಬಂದಿದೆ. ಇಂತಹ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದ 2016ರ ಕಾಕ್ರೇನ್ ಪರಿಶೀಲನೆಯು ಶುಂಠಿ, ಮೆಂತ್ಯ ಮೊದಲಾದ ಕೆಲವಕ್ಕೆ ಪರವಾದ ಸೂಚನೆಯುಂಟೆಂದೂ, ಆದರೆ ಸಾಕ್ಷ್ಯದ ಗುಣಮಟ್ಟ ಕೀಳೆಂದೂ ಹೇಳಿತು. ಸಾಕ್ಷ್ಯ ದುರ್ಬಲವೆಂಬುದು ನಿಜ. ಅಪಾಯವೂ ಅಷ್ಟೇ ದುರ್ಬಲವಾದ್ದರಿಂದ ಬೆಲ್ಲ ಹಾಕಿದ ಶುಂಠಿ ಕಷಾಯದ ಮೇಲೆ ನನಗೆ ಆಕ್ಷೇಪವಿಲ್ಲ, ರಕ್ತವನ್ನು ತೆಳುವಾಗಿಸುವ ಔಷಧಿ ಸೇವಿಸುತ್ತಿರುವವರೊಬ್ಬರು ಮಾತ್ರ ವೈದ್ಯರನ್ನು ಕೇಳತಕ್ಕದ್ದು. ಮೈನೆರೆದ ಹುಡುಗಿಗೆ ಹಳೆಯ ಮೈಸೂರಿನ ಮನೆಗಳಲ್ಲಿ ಎಳ್ಳು ಬೆಲ್ಲ ಕುಟ್ಟಿ ಕೊಡುತ್ತಿದ್ದ ಚಿಗಳಿಯನ್ನೂ ಇದೇ ಸಾಲಿಗೆ ಸೇರಿಸುವವರುಂಟು. ಅದು ಔಷಧಿಯೆಂಬುದಕ್ಕಿಂತ ಪುಷ್ಟಿಕರವಾದ ಆಹಾರ, ಮನೆಯವರ ಮಮತೆಯ ದ್ಯೋತಕ. ಅಷ್ಟಕ್ಕೇ ಅದಕ್ಕೆ ಗೌರವ ಸಲ್ಲಬೇಕು. ಆದರೆ ವರ್ಷದಿಂದ ವರ್ಷಕ್ಕೆ ಏರುತ್ತ ಹೋಗುವ, ಮಾತ್ರೆಗೂ ಕಷಾಯಕ್ಕೂ ಬಗ್ಗದ, ಮುಟ್ಟು ಮುಗಿದ ಮೇಲೂ ಉಳಿಯುವ ನೋವಿನ ಹಿಂದೆ ಎಂಡೊಮೆಟ್ರಿಯೋಸಿಸ್‌ನಂತಹ ವ್ಯಾಧಿಯಿರಬಹುದು; ಅಲ್ಲಿ ಶುಂಠಿ ಮಾಡಬಲ್ಲದ್ದು ರೋಗದ ಮೇಲೆ ತೆರೆಯೆಳೆಯುವುದೊಂದನ್ನೇ.

ಅತಿಸ್ರಾವದ ಮಾತಿಗೆ ಬಂದರೆ ಅಶೋಕವನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ. ಸಸ್ಯಶಾಸ್ತ್ರದವಳಾದ ನನಗೆ ಈ ಮರದ ಮೇಲೆ ಇರುವ ಮೋಹವನ್ನು ಓದುಗರು ಕ್ಷಮಿಸಬೇಕು. ಸೀತೆಯ ವನವಾಗಿ, ಕಾಮನ ಐದು ಬಾಣಗಳಲ್ಲೊಂದಾಗಿ, ಸುಂದರಿಯ ಪಾದತಾಡನದಿಂದ ಹೂಬಿಡುವುದೆಂಬ ಕವಿಸಮಯವಾಗಿ ಇದು ನಮ್ಮ ಸಾಹಿತ್ಯದಲ್ಲಿ ಹರಡಿಕೊಂಡಿದೆ. ಕಾಳಿದಾಸನ ಮಾಳವಿಕಾಗ್ನಿಮಿತ್ರದಲ್ಲಿ ಕಾಲುನೊಂದ ರಾಣಿಯ ಬದಲಿಗೆ ಮಾಳವಿಕೆ ಈ ದೋಹದವನ್ನು ನೆರವೇರಿಸಲು ಬರುವುದರಿಂದಲೇ ಕಥೆ ಮುಂದೆ ಸಾಗುತ್ತದೆ. ಸ್ತ್ರೀಯೊಡನೆ ಕಾವ್ಯದಲ್ಲಿ ಇಷ್ಟು ಹಳೆಯ ನಂಟಿರುವ ಈ ಮರಕ್ಕೆ ಸ್ತ್ರೀರೋಗದ ಔಷಧಿಯೆಂಬ ಪ್ರಸಿದ್ಧಿ ಬಂದದ್ದು ಮಾತ್ರ ಆಮೇಲೆ. ಚರಕನು ಅಶೋಕವನ್ನು ವೇದನೆಯನ್ನು ಶಮನಗೊಳಿಸುವ ಹತ್ತು ದ್ರವ್ಯಗಳ ಗಣದಲ್ಲಿ ಎಣಿಸಿದ್ದಾನೆ. ಅದರ ತೊಗಟೆಯನ್ನು ಹಾಲಿನಲ್ಲಿ ಬೇಯಿಸಿ ಅತಿಸ್ರಾವಕ್ಕೆ ಕೊಡುವ ವಿಧಾನವನ್ನು ಹನ್ನೊಂದನೆಯ ಶತಮಾನದ ಚಕ್ರಪಾಣಿದತ್ತನ ಗ್ರಂಥದಲ್ಲಿ ಕಾಣುತ್ತೇವೆ. ಇಂದು ಅಂಗಡಿಯಲ್ಲಿ ಸಿಗುವ ಅಶೋಕಾರಿಷ್ಟದ ಪಾಠವಾದರೋ ಅದಕ್ಕಿಂತ ಬಹಳ ಈಚಿನದಾದ ಭೈಷಜ್ಯರತ್ನಾವಳಿಯದು. ತೊಗಟೆಯ ಕಷಾಯಕ್ಕೆ ಬೆಲ್ಲವನ್ನೂ ಧಾತಕೀ ಪುಷ್ಪವನ್ನೂ ಸೇರಿಸಿ ಹುದುಗಿಸುವುದರಿಂದ ಅರಿಷ್ಟದಲ್ಲಿ ತಾನಾಗಿ ಮದ್ಯಾಂಶ ಹುಟ್ಟುತ್ತದೆಂಬುದನ್ನು, ಮದ್ಯವೆಂದರೆ ಮೂಗು ಮುಚ್ಚಿಕೊಳ್ಳುವ ಎಷ್ಟೋ ಮನೆಗಳಲ್ಲಿ ಅದನ್ನು ದಿನಕ್ಕೆರಡು ಹೊತ್ತು ಕುಡಿಸುತ್ತಿರುವುದರಿಂದ, ಇಲ್ಲಿ ಹೇಳಿಬಿಡುವುದು ಲೇಸು.

ತೊಗಟೆಯಲ್ಲಿ ಒಗರಾದ ಟ್ಯಾನಿನ್ನುಗಳು ಹೇರಳವಾಗಿವೆ. ಆದ್ದರಿಂದ ಸ್ರಾವವನ್ನು ತಡೆಯಲು ಅದನ್ನು ಬಳಸಿದ್ದರಲ್ಲಿ ಒಂದು ಯುಕ್ತಿಯಿದೆ. ಲೋಧ್ರವೆಂಬ ಮರದ ತೊಗಟೆಯ ಸ್ವಭಾವವೂ ಇದೇ. ಮನುಷ್ಯರ ಮೇಲೆ ದೊಡ್ಡ ಪ್ರಮಾಣದಲ್ಲಿ, ಕಟ್ಟುನಿಟ್ಟಾಗಿ ನಡೆದ ಪರೀಕ್ಷೆಗಳ ಬಲ ಇವಕ್ಕೆ ಇನ್ನೂ ಒದಗಿಲ್ಲ. ಆದರೆ ನನ್ನ ತಕರಾರು ಅದಕ್ಕಿಂತ ಸ್ಥೂಲವಾದದ್ದು: ಬಾಟಲಿಯೊಳಗಿರುವುದು ಅಶೋಕವೇ ಹೌದೇ? ನಿಜವಾದ ಅಶೋಕವು, ಸಸ್ಯಶಾಸ್ತ್ರದ ಸರಾಕ ಅಶೋಕ, ಪಶ್ಚಿಮಘಟ್ಟದ ತೊರೆಗಳ ದಡದಲ್ಲಿ ನಿಧಾನವಾಗಿ ಬೆಳೆಯುವ, ಹಲವು ಜೊತೆ ಕಿರುಪತ್ರಗಳುಳ್ಳ ಸಂಯುಕ್ತ ಎಲೆಯ, ತಾಮ್ರವರ್ಣದ ಚಿಗುರು ಒದ್ದೆ ಬಟ್ಟೆಯಂತೆ ಜೋತುಬೀಳುವ, ಕಿತ್ತಳೆಯಿಂದ ಕೆಂಪಿಗೆ ತಿರುಗುವ ಹೂಗೊಂಚಲಿನ ಮರ. ನಮ್ಮ ನಗರಗಳ ಕಾಂಪೌಂಡುಗಳಲ್ಲಿ ಕಂಬದಂತೆ ನೆಟ್ಟಗೆ ನಿಲ್ಲುವ, ಅಂಚು ಅಲೆಯಲೆಯಾದ ಒಂಟಿ ಎಲೆಯ, ಹಸಿರುಹಳದಿ ಹೂವಿನ ಮರವನ್ನೂ ಜನರು ಅಶೋಕವೆಂದೇ ಕರೆಯುತ್ತಾರೆ. ಅದು ಸೀತಾಫಲದ ಕುಟುಂಬಕ್ಕೆ ಸೇರಿದ ಪಾಲಿಯಾಲ್ತಿಯ, ಇದಕ್ಕೂ ಅದಕ್ಕೂ ದಾಯಾದಿ ಸಂಬಂಧವೂ ಇಲ್ಲ. ಮರ ನಿಂತಿರುವಾಗ ಎರಡನ್ನೂ ಶಾಲೆಯ ಮಗುವೂ ಬೇರ್ಪಡಿಸೀತು. ತೊಗಟೆ ಸುಲಿದು ಒಣಗಿಸಿ ಚೂರು ಮಾಡಿದ ಮೇಲೆ ಕಣ್ಣಿನಿಂದ ನಿರ್ಣಯಿಸುವುದು ದುಸ್ತರ. ಬೆಂಗಳೂರಿನ ವಿಜ್ಞಾನಿಗಳೂ ಪಾಲ್ಗೊಂಡಿದ್ದ, 2016ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದು ಅಶೋಕವೆಂದು ವ್ಯಾಪಾರದಲ್ಲಿದ್ದ ತೊಗಟೆಯ ಮಾದರಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಮಿಗಿಲಾದವು ಬೇರೆ ಮರಗಳವೆಂದು ಕಂಡುಕೊಂಡಿತು.

ಆ ಅಧ್ಯಯನವನ್ನು ಓದಿದ ಮೇಲೆ ಒಂದು ದಿನ, ಹಳೆಯ ಗ್ರಂಧಿಗೆ ಅಂಗಡಿಯೊಂದಕ್ಕೆ ಹೋಗಿ ಅಶೋಕದ ತೊಗಟೆ ಕೇಳಿದೆ. ತೂಗಿ ಪೊಟ್ಟಣ ಕಟ್ಟುತ್ತಿದ್ದ ಹಿರಿಯರನ್ನು ಇದು ಯಾವ ಅಶೋಕವೆಂದು ವಿಚಾರಿಸಿದಾಗ ಅವರು ಬೇಸರಿಸಿಕೊಳ್ಳದೆ, “ಅಮ್ಮಾ, ಮೂಟೆ ಮೇಲೆ ಅಶೋಕ ಅಂತ ಬರೆದು ಬರ್ತದೆ, ನಾವೂ ಅಶೋಕ ಅಂತ ಕೊಡ್ತೀವಿ. ಮರ ನೋಡಿದೋರು ಯಾರಿದಾರೆ?” ಎಂದರು. ಅವರ ಮಾತಿನಲ್ಲಿ ವಂಚನೆಯಿರಲಿಲ್ಲ. ಕಾಡಿನಲ್ಲಿ ಸುಲಿಯುವವನು, ಮಧ್ಯದ ದಲ್ಲಾಳಿ, ಸಗಟು ವ್ಯಾಪಾರಿ, ಕಾರ್ಖಾನೆ, ಅಂಗಡಿ ಹೀಗೆ ಕೈಯಿಂದ ಕೈಗೆ ದಾಟುವ ದಾರಿಯಲ್ಲಿ ಮರದ ಗುರುತು ಎಲ್ಲಿ ಕಳೆಯಿತೆಂದು ಹೇಳುವುದು ಕಷ್ಟ. ಗುರುತು ಕಳೆಯುವುದಕ್ಕೆ ಕಾರಣವೂ ಸ್ಪಷ್ಟವಾಗಿಯೇ ಇದೆ: ಬೇಡಿಕೆ ಬಹಳ, ಮರ ವಿರಳ. ಎಲೆಯಲ್ಲಿ ತಯಾರಾದ ಆಹಾರವು ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕವಾದ್ದರಿಂದ, ಕಾಂಡದ ಸುತ್ತಲೂ ಉಂಗುರದಂತೆ ತೊಗಟೆ ಸುಲಿದರೆ ಬೇರು ಉಪವಾಸ ಬಿದ್ದು ಮರ ಸಾಯುತ್ತದೆ. ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಶೋಕವು ಅಪಾಯಕ್ಕೊಳಗಾಗಬಲ್ಲ ಜಾತಿಯೆಂದು ಸೇರಿರುವುದಕ್ಕೆ ನಮ್ಮ ಆರೋಗ್ಯದ ಆಸೆಯೂ ಒಂದು ಪಾಲು ಕಾರಣ.

ಇಷ್ಟಾದರೂ ಬೆರಕೆಗಿಂತ ದೊಡ್ಡ ಅಪಾಯವೊಂದಿದೆ, ಅದು ಕಾಲಹರಣ. ತಿಂಗಳಿಗೆ ಎಂಬತ್ತು ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋಗುವುದನ್ನು ಅತಿಸ್ರಾವವೆಂದು ವೈದ್ಯಶಾಸ್ತ್ರ ಹೇಳುತ್ತದೆ, ಅಳೆದು ನೋಡುವವರಾರು? ಗಂಟೆಗೊಂದು ಪ್ಯಾಡು ಬದಲಿಸಬೇಕಾಗುವುದು, ದೊಡ್ಡ ಹೆಪ್ಪುಗಳು ಬೀಳುವುದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು, ಇವೇ ಅಳತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹದಿನೈದರಿಂದ ನಲವತ್ತೊಂಬತ್ತರ ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆಯಿದೆ. ಹೀಗಿರುವಾಗ ಗರ್ಭಾಶಯದ ಗಡ್ಡೆಯೋ ಥೈರಾಯ್ಡಿನ ಕೊರತೆಯೋ ರಕ್ತ ಹೆಪ್ಪುಗಟ್ಟುವಿಕೆಯ ದೋಷವೋ ಎಂಬುದನ್ನು ನೋಡದೆ ಆರು ತಿಂಗಳು ಅರಿಷ್ಟ ಕುಡಿಯುವುದೆಂದರೆ ಆರು ತಿಂಗಳ ರಕ್ತವನ್ನು ಚೆಲ್ಲಿದಂತೆ. ಸ್ರಾವವನ್ನು ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಜಪಾನಿನಲ್ಲಿ ಕಂಡುಹಿಡಿದ ಉಟಾಕೊ ಒಕಾಮೊಟೊ ಒಬ್ಬ ಸ್ತ್ರೀ, ಪತಿಯೊಡನೆ ದುಡಿದು 1962ರಲ್ಲಿ ಅದನ್ನು ಲೋಕಕ್ಕೆ ಕೊಟ್ಟಾಕೆ. ಹೆರಿಗೆಯ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ಉಳಿಸಬೇಕೆಂಬುದು ಆಕೆಯ ಹಂಬಲವಾಗಿತ್ತು. ಅಂತಹ ಮಾತ್ರೆಗೆ ‘ಇಂಗ್ಲಿಷ್ ಮದ್ದು’ ಎಂದು ಮೂಗು ಮುರಿಯುವುದರಲ್ಲಿ ನನಗೆ ಯಾವ ಸ್ವದೇಶಾಭಿಮಾನವೂ ಕಾಣದು.

ಮುಟ್ಟು ಬರಿಸುವ ಮದ್ದುಗಳ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಲೋಳೆಸರದ ಹಳದಿ ರಸವನ್ನು ಒಣಗಿಸಿದ ಕರಿಬೋಳ, ಅದು ಸೇರಿದ ರಜಃಪ್ರವರ್ತಿನೀ ವಟಿ, ಎಳ್ಳಿನ ಕಷಾಯ, ಪಪ್ಪಾಯಿ ಕಾಯಿ ಇವನ್ನು ಕೇಳಿಕೊಂಡು ಬರುವ ಎಷ್ಟೋ ಹೆಣ್ಣುಮಕ್ಕಳ ಮನಸ್ಸಿನಲ್ಲಿ ಆಡಲಾರದ ಶಂಕೆಯೊಂದಿರುತ್ತದೆ. ಕರಿಬೋಳ ತೀಕ್ಷ್ಣ ವಿರೇಚಕ, ಗರ್ಭಿಣಿಗೆ ವರ್ಜ್ಯ. ಗರ್ಭವೋ ಅಲ್ಲವೋ ಎಂಬುದನ್ನು ಮೊದಲು ಪರೀಕ್ಷಿಸಿಕೊಳ್ಳಬೇಕು. ಗರ್ಭವಾಗಿದ್ದು ಬೇಡವಾಗಿದ್ದರೆ 1971ರ ಗರ್ಭಪಾತ ಕಾಯಿದೆಯೂ ಅದರ 2021ರ ತಿದ್ದುಪಡಿಯೂ ನೋಂದಾಯಿತ ವೈದ್ಯರ ಬಳಿ ಸುರಕ್ಷಿತವಾದ ದಾರಿಯನ್ನು ತೆರೆದಿವೆ. ಗರ್ಭಾಶಯದ ಹೊರಗೆ, ನಾಳದಲ್ಲಿ ನಿಂತ ಗರ್ಭಕ್ಕೆ ಕಷಾಯ ಕುಡಿದು ಕಾಯುತ್ತ ಕುಳಿತರೆ ಪ್ರಾಣಕ್ಕೇ ಸಂಚಕಾರ.

ಇನ್ನು ಹಾರ್ಮೋನು. ಈಚಿನ ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಮೆಂತ್ಯವನ್ನು ಕುರಿತ ಒಂದು ನಂಬಿಕೆ: ಅದರಲ್ಲಿ ಡಯೋಸ್ಜೆನಿನ್ ಇದೆ, ಡಯೋಸ್ಜೆನಿನ್ನಿನಿಂದ ಪ್ರೊಜೆಸ್ಟರೋನ್ ತಯಾರಾಗುತ್ತದೆ, ಆದ್ದರಿಂದ ಮೆಂತ್ಯ ತಿಂದರೆ ಹಾರ್ಮೋನು ಬರುತ್ತದೆ. ಮೊದಲ ಎರಡು ವಾಕ್ಯಗಳು ಸತ್ಯ, ಅವುಗಳ ಹಿಂದೆ ಸೊಗಸಾದ ಇತಿಹಾಸವೂ ಇದೆ. ಅಮೆರಿಕದ ರಸಾಯನಜ್ಞ ರಸೆಲ್ ಮಾರ್ಕರ್, ಪ್ರಾಣಿಗಳ ಅಂಗಗಳಿಂದ ಅತ್ಯಲ್ಪವಾಗಿ ದೊರೆಯುತ್ತ ಚಿನ್ನದಂತೆ ದುಬಾರಿಯಾಗಿದ್ದ ಪ್ರೊಜೆಸ್ಟರೋನನ್ನು ಗಿಡಗಳಿಂದ ತಯಾರಿಸುವ ಹುಚ್ಚು ಹಿಡಿದು, 1940ರ ದಶಕದಲ್ಲಿ ಮೆಕ್ಸಿಕೋದ ವೆರಾಕ್ರೂಸ್ ಸೀಮೆಯ ಕಾಡುಗೆಣಸಿನ ದೈತ್ಯ ಗಡ್ಡೆಯನ್ನು ಹುಡುಕಿ ತೆಗೆದು, ಅದರ ಡಯೋಸ್ಜೆನಿನ್ನಿನಿಂದ ಹಾರ್ಮೋನನ್ನು ತಯಾರಿಸಿ, 1944ರಲ್ಲಿ ಸಿಂಟೆಕ್ಸ್ ಎಂಬ ಸಂಸ್ಥೆಯ ಸ್ಥಾಪನೆಯಲ್ಲಿ ಪಾಲ್ಗೊಂಡರು. ಅದೇ ಸಂಸ್ಥೆಯ ಪ್ರಯೋಗಶಾಲೆಯಲ್ಲಿ 1951ರಲ್ಲಿ, ಕಾರ್ಲ್ ಜೆರಾಸಿಯವರ ನೇತೃತ್ವದಲ್ಲಿ ತರುಣ ಲೂಯಿಸ್ ಮಿರಾಮೊಂಟೆಸ್ ನೊರೆಥಿಸ್ಟರೋನನ್ನು ಸಂಶ್ಲೇಷಿಸಿದರು. ಹಬ್ಬ, ಗೃಹಪ್ರವೇಶ, ತೀರ್ಥಯಾತ್ರೆಗಳ ಮುನ್ನ ಮುಟ್ಟನ್ನು ಮುಂದೂಡಲು ನಮ್ಮ ಮನೆಗಳಲ್ಲಿ ಗುಟ್ಟಾಗಿ ತರಿಸಿ ನುಂಗುವ ಮಾತ್ರೆ ಅದೇ ವಸ್ತು. ಗಿಡಮೂಲಿಕೆಯೇ ಶ್ರೇಷ್ಠ, ಮಾತ್ರೆ ಕೃತಕವೆಂದು ವಾದಿಸುವ ಮಡಿವಂತರು ಪೂಜೆಗಾಗಿ ಸೇವಿಸುವ ಮಾತ್ರೆಯ ವಂಶವೃಕ್ಷ ಕಾಡುಗೆಣಸಿನಿಂದ ಆರಂಭವಾಗುತ್ತದೆಂಬುದು ನನಗೆ ಸದಾ ನಗೆ ತರಿಸುವ ಸಂಗತಿ.

ಮೂರನೆಯ ವಾಕ್ಯ ಮಾತ್ರ ಸುಳ್ಳು. ಡಯೋಸ್ಜೆನಿನ್ನನ್ನು ಪ್ರೊಜೆಸ್ಟರೋನಾಗಿ ಮಾರ್ಪಡಿಸಲು ಹಲವು ಹಂತಗಳ ರಾಸಾಯನಿಕ ಕ್ರಿಯೆ ಬೇಕು. ಆ ಕ್ರಿಯೆಯನ್ನು ನಡೆಸುವ ಕಿಣ್ವ ಮನುಷ್ಯನ ದೇಹದಲ್ಲಿಲ್ಲ. ಹಿತ್ತಲಲ್ಲಿ ಹತ್ತಿಯ ಗಿಡವಿದ್ದ ಮಾತ್ರಕ್ಕೆ ಸೀರೆ ಉಟ್ಟಂತಾಗದು. ಮೆಂತ್ಯವು ಊಟದ ತರುವಾಯದ ರಕ್ತದ ಸಕ್ಕರೆಯನ್ನು ಸ್ವಲ್ಪ ತಗ್ಗಿಸಬಲ್ಲದು, ಅದರ ಉಪಯೋಗ ಅಲ್ಲಿದೆ. 1935ರಲ್ಲಿ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ವರ್ಣಿಸಿದ, ಇಂದು ಹುಡುಗಿಯರ ಬಾಯಲ್ಲಿ ಪಿಸಿಓಡಿ ಎಂದು ಬಳಕೆಯಾಗಿರುವ ಅವಸ್ಥೆಯಲ್ಲಿ ಅನೇಕರಿಗೆ ಇನ್ಸುಲಿನ್ನಿಗೆ ದೇಹ ಸರಿಯಾಗಿ ಓಗೊಡದಿರುವ ದೋಷ ಜೊತೆಗಿರುವುದರಿಂದ, ನಡಿಗೆ, ತೂಕದ ಹಿಡಿತ, ಸಿಹಿತಿಂಡಿಯ ಮಿತಿ ಇವುಗಳ ಜೊತೆಗೆ ಮೆಂತ್ಯಕ್ಕೆ ಒಂದು ಸಣ್ಣ ಸ್ಥಾನ ಕೊಡಬಹುದು. ಅಂಡಾಶಯಗಳನ್ನು ಅದು ‘ಶುದ್ಧಿ’ಗೊಳಿಸುವುದೆಂಬುದು ಕಟ್ಟುಕಥೆ. ಪುದೀನದ ಜಾತಿಯ ಸ್ಪಿಯರ್‌ಮಿಂಟ್ ಚಹಾ ಕುಡಿದ ಸ್ತ್ರೀಯರಲ್ಲಿ ಪುರುಷ ಹಾರ್ಮೋನಿನ ಅಂಶ ಇಳಿದದ್ದನ್ನು, 2010ರಲ್ಲಿ ಪ್ರಕಟವಾದ, ಮೂವತ್ತು ದಿನಗಳ ಒಂದು ಚಿಕ್ಕ ಬ್ರಿಟಿಷ್ ಪರೀಕ್ಷೆ ತೋರಿಸಿತು. ಮುಖದ ರೋಮ ಮಾತ್ರ ಅಷ್ಟರಲ್ಲಿ ಕಡಿಮೆಯಾಗಿರಲಿಲ್ಲ. ಇದೇ ಬಾಧೆಗೆ ವೈದ್ಯರು ಕೊಡುವ ಮೆಟ್‌ಫಾರ್ಮಿನ್ ಕೂಡ ಯೂರೋಪಿನ ಗಲೇಗ ಎಂಬ ಗಿಡದ ರಸಾಯನದ ಜಾಡು ಹಿಡಿದು ಹುಟ್ಟಿದ್ದು.

ಗಿಡದ ಗುರುತಿನ ಗೊಂದಲ ಇಲ್ಲಿಯೂ ತಪ್ಪಿಲ್ಲ. ಮುಟ್ಟಿಗೆ ಮುಂಚಿನ ಸಿಡುಕು, ಸ್ತನಗಳ ನೋವುಗಳಿಗೆ ಯೂರೋಪಿನಲ್ಲಿ ವೈಟೆಕ್ಸ್ ಅಗ್ನಸ್ ಕ್ಯಾಸ್ಟಸ್ ಎಂಬ ಗಿಡದ ಹಣ್ಣನ್ನು ಬಳಸುತ್ತಾರೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟವಾದ, 170 ಸ್ತ್ರೀಯರ ಮೇಲಿನ ಪರೀಕ್ಷೆಯಲ್ಲಿ ಅದರಿಂದ ಸುಮಾರು ಅರ್ಧದಷ್ಟು ಜನರಿಗೂ ಹುಸಿಮಾತ್ರೆಯಿಂದ ಸುಮಾರು ಕಾಲುಭಾಗ ಜನರಿಗೂ ಗಮನಾರ್ಹವಾದ ಉಪಶಮನ ದೊರೆಯಿತು. ಇದನ್ನು ಓದಿ ಬೇಲಿಯ ಲಕ್ಕಿಸೊಪ್ಪಿನ ಕಷಾಯ ಕುಡಿಯತೊಡಗಿದವರ ಪತ್ರ ನನ್ನ ಮೇಜಿನ ಮೇಲಿದೆ. ಲಕ್ಕಿ ಅದೇ ಪ್ರಜಾತಿಯದು ನಿಜ, ಆದರೆ ಬೇರೆ ಜಾತಿ, ಬೇರೆ ಭಾಗ. ಅಕ್ಕನ ಜಾತಕ ತಂಗಿಗೆ ಹೊಂದುವುದಿಲ್ಲ. ಹಲವು ಮಕ್ಕಳ ತಾಯಿ ಬೇರೆಂದು ನಮ್ಮವರು ಕರೆಯುವ ಶತಾವರಿಗೆ ಪರಂಪರೆಯ ಪ್ರಶಸ್ತಿ ದೊಡ್ಡದಾದರೂ, ಅದರ ಬಗೆಗಿನ ಪ್ರಯೋಗಗಳು ಬಹುತೇಕ ಇಲಿಗಳ ಮೇಲೆ ನಡೆದವು. ಸ್ತನದ ಗಡ್ಡೆಯ ಚಿಕಿತ್ಸೆ ಪಡೆದವರು ತಜ್ಞರನ್ನು ಕೇಳದೆ ಅದನ್ನು ಮುಟ್ಟದಿರುವುದು ಮೇಲು.

ಆಯುರ್ವೇದದ ಬಾಟಲಿಯನ್ನು ಕೊಂಡೇ ತೀರುವವರು ಒಂದನ್ನು ನೋಡಬಹುದು. ಔಷಧಿ ನಿಯಮಾವಳಿಯ 161ನೆಯ ನಿಯಮದಂತೆ ಅದರ ಮೇಲೆ ಒಳಗಿನ ಪ್ರತಿಯೊಂದು ಗಿಡದ ಸಸ್ಯಶಾಸ್ತ್ರೀಯ ಹೆಸರೂ, ಬಳಸಿದ ಭಾಗವೂ, ಪ್ರಮಾಣವೂ ಇರತಕ್ಕದ್ದು. ‘ಗುಪ್ತ ಮೂಲಿಕೆಗಳು’ ಎಂದು ಬರೆದದ್ದನ್ನು ಅಂಗಡಿಯಲ್ಲೇ ಬಿಟ್ಟುಬರಬೇಕು. ಸೇವಿಸುತ್ತಿರುವ ಮೂಲಿಕೆಗಳನ್ನೆಲ್ಲ ಚೀಟಿಯಲ್ಲಿ ಬರೆದು ಆಸ್ಪತ್ರೆಗೆ ಒಯ್ಯಬೇಕು, ವೈದ್ಯರು ಗದರಿಸಿಯಾರೆಂದು ಮುಚ್ಚಿಡಬಾರದು. ಕಡೆಯದಾಗಿ, ಮುಟ್ಟು ನಿಂತು ಎರಡು ವರ್ಷವಾದ ಮೇಲೆ ಮತ್ತೆ ಕೆಂಪು ಕಂಡಿತು, ಅಶೋಕಾರಿಷ್ಟ ಎಷ್ಟು ಚಮಚ ಕುಡಿಯಲಿ ಎಂದು ಕೇಳಿರುವ ಹಾಸನದ ಕಡೆಯ ಸಹೋದರಿಗೆ ಇಲ್ಲಿಯೇ ಉತ್ತರಿಸುತ್ತೇನೆ: ಒಂದು ಚಮಚವೂ ಬೇಡ ತಾಯಿ, ಈ ವಾರವೇ ಸ್ತ್ರೀರೋಗ ತಜ್ಞರಲ್ಲಿಗೆ ಹೋಗಿ ಗರ್ಭಾಶಯದ ಸ್ಕ್ಯಾನ್ ಮಾಡಿಸಿಕೊಳ್ಳಿ, ಆ ವಯಸ್ಸಿನ ರಕ್ತಸ್ರಾವಕ್ಕೆ ಕ್ಯಾನ್ಸರ್ ಕಾರಣವಲ್ಲವೆಂದು ಖಚಿತವಾಗುವವರೆಗೆ ಬೇರಾವ ಮದ್ದಿನ ಮಾತನ್ನೂ ಯಾರೂ ನಿಮಗೆ ಹೇಳಬಾರದು.